ಪ್ರಿಂಟರ್‌ಗೆ ವೈಫೈ ಸಿಗದಿದ್ದರೆ

ಪ್ರಶ್ನೆ: ಹೊಸ ಆಲ್-ಇನ್-ಒನ್ ಪ್ರಿಂಟರ್ ತಂದಿದ್ದೇವೆ. ಫೋನಿಗೂ ಲ್ಯಾಪ್‌ಟಾಪಿಗೂ ಮನೆಯ ವೈಫೈ ಸಿಗುತ್ತದೆ, ಪ್ರಿಂಟರಿನ ಪಟ್ಟಿಯಲ್ಲಿ ಮಾತ್ರ ಅದರ ಹೆಸರೇ ಬರುತ್ತಿಲ್ಲ. ವಾಪಸು ಕೊಟ್ಟು ಬೇರೆ ತರೋಣವೇ?
– ಓದುಗರೊಬ್ಬರು, ಮೂಡಿಗೆರೆ

ಉತ್ತರ: ಈಗಲೇ ಬೇಡ. ಇಂಥ ದೂರುಗಳಲ್ಲಿ ತಪ್ಪು ಹೆಚ್ಚಾಗಿ ರೂಟರ್ ಸೆಟ್ಟಿಂಗಿನಲ್ಲಿರುತ್ತದೆ, ಬೈಗುಳ ಮಾತ್ರ ಪ್ರಿಂಟರಿಗೆ. ಮನೆಬಳಕೆಯ ಎಷ್ಟೋ ಪ್ರಿಂಟರ್‌ಗಳು 2.4 ಗಿಗಾಹರ್ಟ್ಸ್ ಬ್ಯಾಂಡನ್ನಷ್ಟೇ (ವೈಫೈ ಬಳಸುವ ರೇಡಿಯೋ ಅಲೆಗಳ ಒಂದು ಪಟ್ಟಿ) ಹಿಡಿಯುತ್ತವೆ. ಫೈಬರ್ ಸಂಪರ್ಕದ ಜೊತೆ ಬರುವ ರೂಟರಿನಲ್ಲಿ ಸಾಮಾನ್ಯವಾಗಿ 2.4 ಮತ್ತು 5 ಎರಡೂ ಇರುತ್ತವೆ, 2.4 ಆಫ್ ಆಗಿದ್ದರೂ ಫೋನು 5ರಲ್ಲಿ ನಡೆಯುವುದರಿಂದ ನಿಮಗೆ ಗೊತ್ತೇ ಆಗುವುದಿಲ್ಲ.

ರೂಟರಿನ ತಳದಲ್ಲಿ ಅಂಟಿಸಿರುವ ಚೀಟಿ ನೋಡಿ. 192.168.1.1ರಂಥ ವಿಳಾಸ, ಲಾಗಿನ್ ಹೆಸರು, ಪಾಸ್‌ವರ್ಡ್ ಅಲ್ಲಿರುತ್ತವೆ. ಬ್ರೌಸರಿನಲ್ಲಿ ಆ ವಿಳಾಸ ತೆರೆದು ವೈರ್‌ಲೆಸ್ ವಿಭಾಗಕ್ಕೆ ಹೋಗಿ, 2.4 ಆನ್ ಮಾಡಿ, ಅದಕ್ಕೆ ಬೇರೆ ಹೆಸರು ಕೊಡಿ. ಚಾನೆಲ್ 'ಆಟೋ'ದಲ್ಲಿದ್ದರೆ 1, 6, 11ರಲ್ಲಿ ಒಂದಕ್ಕೆ ತನ್ನಿ. ರೂಟರ್ ತಾನಾಗಿ 12 ಅಥವಾ 13ಕ್ಕೆ ಹೋಗಿ ಕೂತರೆ ಕೆಲವು ಪ್ರಿಂಟರ್‌ಗಳಿಗೆ ಕಾಣುವುದಿಲ್ಲ. ಭದ್ರತೆ ಡಬ್ಲ್ಯುಪಿಎ2 ಇರಲಿ. ಬರೀ ಡಬ್ಲ್ಯುಪಿಎ3 ಇಟ್ಟರೆ ಹಳೆಯ ಮಾದರಿಗಳಿಗೆ ಹೆಸರು ಕಂಡರೂ ಒಳಗೆ ಹೋಗಲಾಗದು. ವೈಫೈಗೆ ಕನ್ನಡದಲ್ಲಿ ಹೆಸರಿಟ್ಟಿದ್ದರೆ, ಮನಸ್ಸಿಲ್ಲದಿದ್ದರೂ ಇಂಗ್ಲಿಷ್ ಅಕ್ಷರಕ್ಕೆ ಬದಲಿಸಿ. ಎಷ್ಟೋ ಪ್ರಿಂಟರ್‌ಗಳಿಗೆ ನಮ್ಮ ಲಿಪಿ ಓದಲು ಬರುವುದಿಲ್ಲ.

ಇನ್ನು ಜೋಡಣೆ. ಫೋನನ್ನು ಅದೇ 2.4 ನೆಟ್‌ವರ್ಕಿಗೆ ಸೇರಿಸಿ. ಬ್ಲೂಟೂತ್, ಲೊಕೇಶನ್ ಆನ್ ಇರಲಿ. ಮೊಬೈಲ್ ಡೇಟಾ, ವಿಪಿಎನ್ ಆಫ್ ಮಾಡಿ. ಪ್ರಿಂಟರ್ ಕಂಪನಿಯ ಆ್ಯಪ್‌ನಲ್ಲಿ ಸೆಟಪ್ ಮಾಡುವ ವೇಳೆ ಪ್ರಿಂಟರ್ ತಾನೇ ಒಂದು ತಾತ್ಕಾಲಿಕ ವೈಫೈ ಬಿಡುತ್ತದೆ. ಅದರಲ್ಲಿ ಇಂಟರ್‌ನೆಟ್ ಇಲ್ಲವೆಂದು ಫೋನು ಡೇಟಾ ಕಡೆ ಜಾರಿದರೆ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಈ ರಗಳೆ ಬೇಡವೆಂದರೆ ರೂಟರಿನ ಡಬ್ಲ್ಯುಪಿಎಸ್ (ಪಾಸ್‌ವರ್ಡ್ ಟೈಪ್ ಮಾಡದೆ ಸಾಧನ ಸೇರಿಸುವ) ಬಟನ್ ಒತ್ತಿ, 2 ನಿಮಿಷದೊಳಗೆ ಪ್ರಿಂಟರಿನ ವೈಫೈ ಬಟನ್ನನ್ನು ಮಿನುಗುವವರೆಗೆ ಒತ್ತಿ ಹಿಡಿಯಿರಿ. ಮಿನುಗು ನಿಂತು ದೀಪ ಸ್ಥಿರವಾದರೆ ಸೇರಿಕೊಂಡಿತು.

ಪ್ರಶ್ನೆ: ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದಾಗಲೆಲ್ಲ ಕಂಪ್ಯೂಟರ್ 'ಪ್ರಿಂಟರ್ ಆಫ್‌ಲೈನ್' ಎನ್ನುತ್ತದೆ. ಪಹಣಿ ಪ್ರಿಂಟ್ ತೆಗೆಯುವುದಕ್ಕೂ ಮತ್ತೆ ಇನ್‌ಸ್ಟಾಲ್ ಮಾಡಬೇಕಾಗಿದೆ.
– ಓದುಗರೊಬ್ಬರು, ಸಕಲೇಶಪುರ

ಉತ್ತರ: ರೂಟರ್ ತನಗೆ ಸೇರಿದ ಒಂದೊಂದು ಸಾಧನಕ್ಕೂ ಒಂದು ಐಪಿ ವಿಳಾಸ ಹಂಚುತ್ತದೆ. ಕರೆಂಟ್ ಹೋದಾಗ ಹಂಚಿದ ಪಟ್ಟಿಯನ್ನೇ ಮರೆಯುವ ರೂಟರ್‌ಗಳಿವೆ. ನಿನ್ನೆ 192.168.1.5 ಆಗಿದ್ದ ಪ್ರಿಂಟರ್ ಇಂದು 192.168.1.8 ಆಗಿರುತ್ತದೆ, ವಿಂಡೋಸ್ ಮಾತ್ರ ಹಳೆಯ ಮನೆಯ ಬಾಗಿಲನ್ನೇ ಬಡಿಯುತ್ತಿರುತ್ತದೆ.

ಪ್ರಿಂಟರಿನಿಂದ ನೆಟ್‌ವರ್ಕ್ ರಿಪೋರ್ಟ್ ಹಾಳೆ ತೆಗೆಯಿರಿ. ಅದರಲ್ಲಿ 12 ಅಂಕಿ-ಅಕ್ಷರಗಳ ಮ್ಯಾಕ್ ವಿಳಾಸ, ಅಂದರೆ ಆ ಪ್ರಿಂಟರಿನ ಗುರುತು ಸಂಖ್ಯೆ, ಇರುತ್ತದೆ. ರೂಟರಿನ ಡಿಎಚ್‌ಸಿಪಿ (ಐಪಿ ಹಂಚುವ ವ್ಯವಸ್ಥೆ) ಪುಟದಲ್ಲಿ 'ಅಡ್ರೆಸ್ ರಿಸರ್ವೇಶನ್' ತೆರೆದು, ಆ ಮ್ಯಾಕ್‌ಗೆ ಒಂದು ಐಪಿ ಕಾಯಂ ಮಾಡಿ, ಪ್ರಿಂಟರನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಿ. ಬಳಿಕ ವಿಂಡೋಸಿನಲ್ಲಿ ಪ್ರಿಂಟರ್ ಪ್ರಾಪರ್ಟೀಸ್, ಪೋರ್ಟ್ಸ್, ಆಡ್ ಪೋರ್ಟ್, ಸ್ಟ್ಯಾಂಡರ್ಡ್ ಟಿಸಿಪಿ/ಐಪಿ ಎಂದು ಹೋಗಿ ಅದೇ ಐಪಿ ಕೊಡಿ. ಇದಿಷ್ಟು ಒಮ್ಮೆ ಮಾಡಿದರೆ ಮರು-ಇನ್‌ಸ್ಟಾಲ್ ಗೋಳು ತಪ್ಪುತ್ತದೆ.

ರಿಪೋರ್ಟಿನಲ್ಲಿ ಐಪಿ 169.254ರಿಂದ ಶುರುವಾಗಿದ್ದರೆ ವಿಷಯ ಬೇರೆ: ಪ್ರಿಂಟರ್ ಕೇಳಿದಾಗ ರೂಟರ್ ವಿಳಾಸ ಕೊಟ್ಟಿಲ್ಲ ಎಂದರ್ಥ. ರೂಟರಿನ ದೀಪಗಳೆಲ್ಲ ಸರಿಯಾಗಿ ಬಂದ ಮೇಲೆ ಪ್ರಿಂಟರ್ ಆನ್ ಮಾಡಿ. ರೂಟರಿಗೊಂದು ಸಣ್ಣ ಯುಪಿಎಸ್ ಹಾಕಿಸುವುದು ಮಲೆನಾಡಿನ ಮನೆಗಳಿಗೆ ದುಂದಲ್ಲ. ಹಳೆಯ ಮನೆಯ ದಪ್ಪ ಗೋಡೆಗಳ ಆಚೆ ಪ್ರಿಂಟರ್ ಇಟ್ಟಿದ್ದರೆ, ಮೊದಲು ರೂಟರಿನ ಕೋಣೆಗೇ ತಂದು ಪರೀಕ್ಷಿಸಿ.

ಪ್ರಶ್ನೆ: ನೆಟ್ ಇಲ್ಲದಾಗ ವೈಫೈ ಪ್ರಿಂಟರ್ ಕೆಲಸ ಮಾಡುತ್ತದೆಯೇ?
– ಓದುಗರೊಬ್ಬರು, ಅರಸೀಕೆರೆ

ಉತ್ತರ: ಸಾಮಾನ್ಯವಾಗಿ ಮಾಡುತ್ತದೆ. ಕಡತ ಹೋಗುವುದು ಫೋನಿನಿಂದ ರೂಟರಿಗೆ, ಅಲ್ಲಿಂದ ಪ್ರಿಂಟರಿಗೆ. ಹೊರಗಿನ ನೆಟ್ಟಿಗೂ ಇದಕ್ಕೂ ಸಂಬಂಧವಿಲ್ಲ. ಸದಾ ಇಂಟರ್‌ನೆಟ್ ಬೇಡುವ ಕೆಲವು ಮಾದರಿಗಳಿವೆ, ಕೊಳ್ಳುವ ಮುಂಚೆ ಡಬ್ಬಿಯ ಮೇಲೆ ಓದಿಕೊಳ್ಳಿ. ರೂಟರೇ ಆಫ್ ಆಗಿದ್ದರೆ ವೈಫೈ ಡೈರೆಕ್ಟ್ ಮೂಲಕ ಫೋನನ್ನು ನೇರವಾಗಿ ಪ್ರಿಂಟರಿಗೇ ಸೇರಿಸಬಹುದು. ಗೆಸ್ಟ್ ವೈಫೈನಲ್ಲಿರುವ (ಅತಿಥಿಗಳಿಗೆಂದು ಬೇರೆಯಾಗಿಟ್ಟ ನೆಟ್‌ವರ್ಕ್) ಫೋನಿಗೆ ಮಾತ್ರ ಪ್ರಿಂಟರ್ ಸಾಮಾನ್ಯವಾಗಿ ಕಾಣುವುದಿಲ್ಲ. ಅದನ್ನು ಮನೆಯ ಮುಖ್ಯ ನೆಟ್‌ವರ್ಕಿಗೆ ಬದಲಿಸಿ.