ಕಾಫಿ ಹೊಟ್ಟಿನ ಬೂದಿ ಗಿಡಕ್ಕಿರಲಿ, ಗೋಡೆಗೆ ಬೇಡ

ಸೋಮವಾರಪೇಟೆ ಕಡೆಯ ಓದುಗರೊಬ್ಬರ ಪತ್ರ: ‘ತೋಟದಲ್ಲಿ ಕಾರ್ಮಿಕರಿಗೆ ಎರಡು ಲೈನ್ ಮನೆ ಕಟ್ಟಬೇಕಿದೆ. ಹಾರುಬೂದಿ ಇಟ್ಟಿಗೆ ನಮ್ಮ ಮಳೆಗೆ ತಡೆದೀತೇ? ಕಾಫಿ ಬೀಜ ಹಸನು ಮಾಡುವ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಕಾಫಿ ಹೊಟ್ಟು ಉರಿಸಿದ ಬೂದಿ ಪುಕ್ಕಟೆ ಸಿಗುತ್ತದೆ. ಅದನ್ನೇ ಸಿಮೆಂಟಿಗೆ ಬೆರೆಸಿ ಇಟ್ಟಿಗೆ ಮಾಡಿಕೊಳ್ಳಬಹುದೇ?’

ಸಂಪಾದಕರ ಉತ್ತರ: ಎರಡನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇವೆ, ನಷ್ಟವಾಗುವುದು ಅಲ್ಲಿಯೇ. ದಯವಿಟ್ಟು ಬೆರೆಸಬೇಡಿ. ರಾಯಚೂರಿನ ಶಾಖೋತ್ಪನ್ನ ಸ್ಥಾವರದಂಥ ಕಡೆ ಕಲ್ಲಿದ್ದಲು ಉರಿಸಿದಾಗ ಸಿಗುವ ಹಾರುಬೂದಿಯಲ್ಲಿ ಗಾಜಿನ ಗುಣದ ಸಿಲಿಕಾ, ಅಲ್ಯುಮಿನಾ ಇರುತ್ತವೆ. ಸಿಮೆಂಟ್ ನೀರುಂಡಾಗ ಬಿಡುವ ಸುಣ್ಣದ ಜೊತೆ ಇವು ನಿಧಾನವಾಗಿ ಬೆಸೆದು ಗಟ್ಟಿಯಾಗುತ್ತವೆ. ಕಾಫಿ ಹೊಟ್ಟಿನ ಬೂದಿಯಲ್ಲಿ ಸಿಲಿಕಾ ಕಡಿಮೆ, ಪೊಟ್ಯಾಷ್ ಲವಣ ಹೇರಳ. ಆ ಲವಣ ಗಾಳಿಯ ತೇವವನ್ನೂ ಎಳೆದುಕೊಳ್ಳುತ್ತದೆ. ಜುಲೈನಲ್ಲಿ ಗೋಡೆ ಬೆವರುತ್ತದೆ. ಬಿಸಿಲು ಬಿದ್ದ ಮೇಲೆ ಬಿಳಿ ಉಪ್ಪು ಮೇಲೆದ್ದು ಬಣ್ಣ ಹಕ್ಕಳೆ ಹಕ್ಕಳೆಯಾಗಿ ಉದುರುತ್ತದೆ. ಅದೇ ಪೊಟ್ಯಾಷ್ ಬಾಳೆಗೆ, ಕಾಫಿಗೆ ಒಳ್ಳೆಯ ಗೊಬ್ಬರ. ಯೂರಿಯಾ ಜೊತೆ ಮಾತ್ರ ಕಲಸಬೇಡಿ, ಸಾರಜನಕ ಆವಿಯಾಗಿ ಹೋಗುತ್ತದೆ.

ಹಾರುಬೂದಿ ಇಟ್ಟಿಗೆಯನ್ನು ಧೈರ್ಯವಾಗಿ ಬಳಸಿ. ನೂರು ಕಿಲೋ ಮಿಶ್ರಣದಲ್ಲಿ ಸುಮಾರು 55 ಕಿಲೋ ಬೂದಿ, 35 ಕಿಲೋ ಕಲ್ಲುಪುಡಿ, 10 ಕಿಲೋ ಸಿಮೆಂಟ್ ಇದ್ದರೆ ಹದ. ಕೆಡುವುದು ಹೆಚ್ಚಾಗಿ ಇಟ್ಟಿಗೆಗೆ ನೀರುಣಿಸಿ ಗಟ್ಟಿಗೊಳಿಸುವ ಕ್ಯೂರಿಂಗ್‌ನಲ್ಲಿ. ಬೂದಿಯ ಬೆಸುಗೆ ನಿಧಾನ. ಕನಿಷ್ಠ 14 ದಿನ, ಚಳಿಯಿದ್ದರೆ 21 ದಿನ ನೀರು ಬೇಕು. ವಾರಕ್ಕೇ ಲಾರಿ ಹತ್ತಿಸಿದ ಇಟ್ಟಿಗೆಯ ಮೂಲೆ ಮುಕ್ಕಾಗುತ್ತದೆ, ಕಟ್ಟಿದ ಮೇಲೆ ಕುಗ್ಗಿ ಗೋಡೆಯಲ್ಲಿ ಬಿರುಕು ಬಿಡುತ್ತದೆ. 28 ದಿನ ದಾಟಿದ್ದನ್ನೇ ಕೇಳಿ.

ಲೋಡ್ ತರಿಸುವ ಮೊದಲು ಐದು ಇಟ್ಟಿಗೆ ತನ್ನಿ. ಉಗುರಿನಿಂದ ಗೀರಿದರೆ ಪುಡಿ ಬರಬಾರದು. ಒಂದನ್ನು ಒಡೆದು ನೋಡಿ, ಒಳಗೂ ಹೊರಗೂ ಒಂದೇ ಬಣ್ಣವಿರಬೇಕು. ಉಳಿದವನ್ನು ಚೆನ್ನಾಗಿ ಒಣಗಿಸಿ ತೂಗಿ, 24 ಗಂಟೆ ನೀರಲ್ಲಿ ಮುಳುಗಿಸಿ, ಒರೆಸಿ ಮತ್ತೆ ತೂಗಿ. 3 ಕಿಲೋ ಇದ್ದದ್ದು 3.6 ದಾಟಿದರೆ ನೀರು ಹೀರುವ ಶೇ 20ರ ಮಿತಿ ಮೀರಿತು, ವಾಪಸ್ ಕಳಿಸಿ. ಕೊಡಗಿನ ಮಳೆಗೆ 3.45ರೊಳಗೆ ಇದ್ದರೆ ನಮಗೆ ಸಮಾಧಾನ.

ತಳಪಾಯಕ್ಕೆ ಸೈಜುಗಲ್ಲೇ ಇರಲಿ. ನೆಲದಿಂದ ಎರಡಡಿ ಎತ್ತರಿಸಿ, ತೇವ ತಡೆಯುವ ಕಾಂಕ್ರೀಟ್ ಪಟ್ಟಿ ಹಾಕಿದ ಮೇಲೆಯೇ ಬೂದಿ ಇಟ್ಟಿಗೆ ಶುರುವಾಗಲಿ. ಇಟ್ಟಿಗೆಯನ್ನು ತೊಟ್ಟಿಯಲ್ಲಿ ನೆನೆಹಾಕದೆ ನೀರು ಚಿಮುಕಿಸಿದರೆ ಸಾಕು. ಗಾರೆ 1:6 (ಒಂದು ಪಾಲು ಸಿಮೆಂಟ್, ಆರು ಪಾಲು ಮರಳು), ಅದಕ್ಕಿಂತ ಸಿಮೆಂಟ್ ಹೆಚ್ಚಿದರೆ ಬಿರುಕು ಗಾರೆ ಬಿಟ್ಟು ಇಟ್ಟಿಗೆಯನ್ನೇ ಸೀಳುತ್ತದೆ. ಮೈ ನುಣುಪಾಗಿರುವುದರಿಂದ ಸಂದುಗಳನ್ನು 10 ಮಿ.ಮೀ. ಕೆರೆದಿಡಿ, ಇಲ್ಲವಾದರೆ ಪ್ಲಾಸ್ಟರ್ ಹಿಡಿಯದು. ಮಳೆ ಹೊಡೆಯುವ ದಿಕ್ಕಿನ ಸೂರನ್ನು ಮೂರಡಿ ಚಾಚಿ.

ನವೆಂಬರ್‌ನಲ್ಲಿ ತಳಪಾಯ ಹಾಕಿದರೆ ಕಾಫಿ ಅರಳಿಸುವ ಹೂಮಳೆಗೆ ಮುಂಚೆ ಗೋಡೆ ಎದ್ದೀತು. ಅಲ್ಲಿಯವರೆಗೆ ಇಟ್ಟಿಗೆಯನ್ನು ನೆಲಕ್ಕೆ ತಾಗಿಸದೆ ಹಲಗೆಯ ಮೇಲೆ ಪೇರಿಸಿ, ಟಾರ್ಪಾಲ್ ಮುಚ್ಚಿ.