ಕೈ ಇದ್ದ ಜಾಗದಲ್ಲಿ ಮರ

ಪ್ರಶ್ನೆ: ಲಂಡನ್ನಿನಿಂದ ಬಂದ ಮಗಳು ಒಂದು ಪೋಸ್ಟ್‌ಕಾರ್ಡ್ ತಂದಿದ್ದಾಳೆ. ಓಡುತ್ತಿರುವ ಹುಡುಗಿಯನ್ನು ಒಬ್ಬ ಹುಡುಗ ಹಿಡಿದುಕೊಂಡಿದ್ದಾನೆ. ಅವಳಿಗೆ ಕೈಗಳೇ ಇಲ್ಲ, ಹೆಗಲಿನಿಂದ ಎರಡು ಮರ ಎದ್ದಿವೆ! ಹಿಂದೆ ‘ಪೊಲ್ಲಾಯ್ವೊಲೊ, ಅಪೊಲೊ ಮತ್ತು ಡ್ಯಾಫ್ನಿ’ ಎಂದಿದೆ. ಏನಿದು? ಮನೆಯವರು ಅದು ಪಲಾವ್ ಎಲೆಯ ಮರ ಅನ್ನುತ್ತಾರೆ, ನಿಜವೇ?
– ಓದುಗರೊಬ್ಬರು, ಸಾಗರ

ಉತ್ತರ: ಕಾರ್ಡ್ ನೋಡಿ ನಕ್ಕಿದ್ದೀರಿ ಅಲ್ವಾ? ನಾನೂ ನಕ್ಕಿದ್ದೆ. ಕಥೆ ಗೊತ್ತಾದ ಮೇಲೆ ನಗು ನಿಂತಿತು.

ರೋಮಿನ ಕವಿ ಓವಿಡ್ ಹೇಳಿದ ಕಥೆ ಇದು. ಬಿಲ್ಲುಗಾರ ದೇವರು ಅಪೊಲೊ, ಪುಟ್ಟ ಕ್ಯುಪಿಡ್‌ನ ಬಿಲ್ಲನ್ನು ಗೇಲಿ ಮಾಡಿದ. ಕ್ಯುಪಿಡ್ ಎಂದರೆ ಅಲ್ಲಿಯ ಮನ್ಮಥ, ಆದರೆ ಇವನ ಬಾಣ ಹೂವಿನದಲ್ಲ. ಚಿನ್ನದ ಬಾಣ ಅಪೊಲೊನಿಗೆ ಬಿತ್ತು, ಪ್ರೀತಿ ಹುಟ್ಟಿತು. ಸೀಸದ ಬಾಣ ಡ್ಯಾಫ್ನಿಗೆ ಬಿತ್ತು, ಅವನೆಂದರೆ ಆಗದು. ಅಟ್ಟಿಸಿಕೊಂಡು ಬಂದ. ಇನ್ನೇನು ಸಿಕ್ಕಿಬಿದ್ದಳು ಅನ್ನುವಾಗ ಅವಳು ಅಪ್ಪನನ್ನು ಕೂಗಿದಳು. ಅಪ್ಪ ಪೆನಿಯಸ್ ನದಿಯ ದೇವರು, ಮೊರೆ ಕೇಳಿದ. ಅವಳು ಲಾರೆಲ್ ಮರವಾದಳು.

ಓವಿಡ್‌ನಲ್ಲಿ ತೊಗಟೆ, ಎಲೆ, ಕೊಂಬೆ, ಬೇರು ಎಲ್ಲವೂ ಬರುತ್ತವೆ. ಚಿತ್ರಗಾರ ಪೊಲ್ಲಾಯ್ವೊಲೊ ಕೈಗಳನ್ನಷ್ಟೇ ಮರ ಮಾಡಿದ. ತಪ್ಪಲ್ಲ, ಜಾಣತನ. ಮುಖ ಇನ್ನೂ ಹುಡುಗಿಯದೇ ಆಗಿರುವುದರಿಂದಲೇ ನಮಗೆ ಸಂಕಟವಾಗುತ್ತದೆ. ಅಪೊಲೊನ ಉಡುಪು ನೋಡಿ: ದೇವರದಲ್ಲ, 1470ರ ಸುಮಾರಿನ ಇಟಲಿಯ ಫ್ಲಾರೆನ್ಸ್ ಊರಿನ ಹುಡುಗನದು. ಅಂದಹಾಗೆ, ಪೊಲ್ಲಾಯ್ವೊಲೊ ಅನ್ನುವ ಹೆಸರು ಬಂದದ್ದು ಕೋಳಿ ವ್ಯಾಪಾರದಿಂದ. ಅಪ್ಪ ಕೋಳಿ ಮಾರುತ್ತಿದ್ದ, ಮಗ ಆಂಟೋನಿಯೊ ಅಕ್ಕಸಾಲಿಗನೂ ಆಗಿದ್ದ. ಈ ಚಿತ್ರವನ್ನು ಮೊದಲು ಅವನದೆನ್ನುತ್ತಿದ್ದರು, ಈಗ ಅವನ ತಮ್ಮ ಪಿಯೆರೊನದು ಅನ್ನುತ್ತಾರೆ.

ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿ ಇದನ್ನು ಹುಡುಕಿಕೊಂಡು ಹೋದ ನಾನು, ಗೊತ್ತಾಗದೆ ಮುಂದೆ ದಾಟಿಹೋಗಿದ್ದೆ. ದೊಡ್ಡದಿರುತ್ತದೆ ಅಂದುಕೊಂಡಿದ್ದೆ, ನೋಡಿದರೆ ಬರೀ 29.5 x 20 ಸೆಂಟಿಮೀಟರ್. ಜೆರಾಕ್ಸ್ ಅಂಗಡಿಯ ಎ4 ಹಾಳೆಗಿಂತ ಚೂರು ಚಿಕ್ಕದು! ಮೂಗು ತಾಗುವಷ್ಟು ಬಗ್ಗಿ ನೋಡಿದೆ. ಕಾವಲಿನವರು ಕೆಮ್ಮಿದರು.

ಮನೆಯವರ ಮಾತಿಗೆ ಬರೋಣ. ಅರ್ಧ ಸರಿ. ಯುರೋಪಿನ ಅಡುಗೆಯ ಬೇ ಲೀಫ್ ಈ ಲಾರೆಲ್‌ನದೇ. ನಮ್ಮ ಪಲಾವ್ ಎಲೆ ಸಾಮಾನ್ಯವಾಗಿ ದಾಲ್ಚಿನ್ನಿ ಜಾತಿಯ ಮರದ್ದು. ಡಬ್ಬಿಯಿಂದ ಒಂದು ಎಲೆ ತೆಗೆದು ಬೆಳಕಿಗೆ ಹಿಡಿಯಿರಿ. ತೊಟ್ಟಿನಿಂದ ತುದಿಯ ಕಡೆಗೆ ಮೂರು ನರ ಉದ್ದಕ್ಕೆ ಓಡಿದ್ದರೆ ನಮ್ಮದು. ನಡುವೆ ಒಂದೇ ನರವಿದ್ದು, ಅದರಿಂದ ಪಕ್ಕಕ್ಕೆ ಕವಲೊಡೆದಿದ್ದರೆ ಡ್ಯಾಫ್ನಿಯದು.