ಟರ್ಬೊ ಹಾಕಿದ ಎಸ್ಟೀಮ್‌ಗೆ ಪಿಸ್ಟನ್ ಆಯಿಲ್ ಜೆಟ್ ಹಾಕಿಸಿದರೆ ಪಿಸ್ಟನ್ ಉಳಿಯುತ್ತದಾ?

ನೀವು ಕೇಳಿದ್ದು ಇದು: ಮಂಡ್ಯದ ಮಾರುತಿ ಎಸ್ಟೀಮ್ ಕಾರು, 0.6 ಬಾರ್ ಬೂಸ್ಟ್ (ಟರ್ಬೊ ತುಂಬುವ ಗಾಳಿಯ ಒತ್ತಡ), ಮೂರನೇ ಪಿಸ್ಟನ್ ತಲೆ ತೂತು, ಪಿಸ್ಟನ್ ಅಡಿಗೆ ಆಯಿಲ್ ಚಿಮ್ಮಿಸೋ ಜೆಟ್‌ಗೆ ಲೇತಿನವರು 1.5 ಮಿ.ಮೀ. ನಾಜಲ್ ಮಾಡಿಕೊಡ್ತೀವಿ ಅಂತಿದ್ದಾರೆ. ಇದೇ ಎಂಜಿನ್, ಇದೇ ಬೂಸ್ಟ್, ಇದೇ ಅಳತೆಯ ನಾಜಲ್ ನಮ್ಮ ಮೈಸೂರಿನ ಶೆಡ್ಡಿನಲ್ಲೂ ನಡೆದುಹೋಗಿದೆ. ಪಿಸ್ಟನ್ ನಾಲ್ಕೂ ಉಳಿದವು. ಹೋದದ್ದು ಕ್ರ್ಯಾಂಕ್.

ಆ ಗಾಡಿಯನ್ನು ಎಕ್ಸ್‌ಪ್ರೆಸ್‌ವೇಯಲ್ಲಿ ಒಂದೇ ಸಮ ಎಳೆದು ಟೋಲ್ ಹತ್ತಿರ ನಿಧಾನ ಮಾಡಿದರೆ ಆಯಿಲ್ ಲೈಟ್ ಮಿಣುಕುತ್ತಿತ್ತು. ಬೆಳಿಗ್ಗೆ ತಣ್ಣಗಿದ್ದಾಗ ಗೇಜ್ 4 ಬಾರ್ ತೋರಿಸುತ್ತಿತ್ತು, ಹಾಗಾಗಿ ಒತ್ತಡ ಅಳೆಯುವ ಸೆಂಡರ್ ಮೇಲೆ ಅನುಮಾನ. 20ಡಬ್ಲ್ಯೂ-50 ಆಯಿಲ್ ಹಾಕಿದ ಮೇಲೆ ಲೈಟ್ ಆರಿತು, ಸದ್ದು ಶುರುವಾಯಿತು. ಬಿಚ್ಚಿದರೆ ಪಿಸ್ಟನ್ ತಲೆಯ ಅಡಿಭಾಗ ಹೊಸದರ ಹಾಗೆ ಬೆಳ್ಳಗೆ, ಒಂದು ಚುಕ್ಕೆ ಕರಿ ಇಲ್ಲ. ಬಿಗ್ ಎಂಡ್ (ರಾಡ್ ಕ್ರ್ಯಾಂಕನ್ನು ಹಿಡಿಯುವ ತುದಿ) ಬೇರಿಂಗ್ ಶೆಲ್‌ಗಳಲ್ಲಿ ಮಾತ್ರ ಮೇಲಿನ ಪದರ ಸವೆದು ತಾಮ್ರ ಕಾಣುತ್ತಿತ್ತು, ಆ ಶೆಲ್‌ನಲ್ಲಿ ತಿರುಗುವ ಕ್ರ್ಯಾಂಕಿನ ಒಂದು ಜರ್ನಲ್ ನೀಲಿ ತಿರುಗಿತ್ತು. ಜೆಟ್ ತನ್ನ ಕೆಲಸ ಮಾಡಿತ್ತು, ಬೇರಿಂಗ್ ಪಾಲಿನ ಆಯಿಲ್ ಕಿತ್ತುಕೊಂಡು.

ತಪ್ಪು ಒಂದೇ: ಆ ನಾಜಲ್‌ಗಳಲ್ಲಿ ಚೆಕ್ ವಾಲ್ವ್, ಅಂದರೆ ಒತ್ತಡ ಕಮ್ಮಿಯಾದಾಗ ಜೆಟ್ ಮುಚ್ಚುವ ವಾಲ್ವ್, ಇರಲಿಲ್ಲ. ಗ್ಯಾಲರಿಗೆ (ಬ್ಲಾಕಿನೊಳಗಿನ ಮುಖ್ಯ ಆಯಿಲ್ ಕಾಲುವೆಗೆ) ನಾಲ್ಕು ತೂತು, ಸದಾ ತೆರೆದದ್ದು. ಇದನ್ನು ಬಿಡಿಸಿ ಹೇಳಲೇಬೇಕು. 1.5 ಮಿ.ಮೀ. ತೂತಿನಿಂದ ಬಿಸಿ ಆಯಿಲ್ 4 ಬಾರ್‌ನಲ್ಲಿ ನಿಮಿಷಕ್ಕೆ ಸುಮಾರು 2.5 ಲೀಟರ್ ಹೋಗುತ್ತದೆ, ನಾಲ್ಕಕ್ಕೆ 10 ಲೀಟರ್. ಮೇಲಿನ ಆರ್‌ಪಿಎಂನಲ್ಲಿ ಪಂಪ್ ಅದನ್ನು ಹೇಗೋ ತೂಗಿಸುತ್ತದೆ. ಐಡ್ಲಿಂಗ್‌ನಲ್ಲಿ ಬರೀ 1 ಬಾರ್ ಉಳಿಸಿಕೊಳ್ಳಬೇಕು ಅಂದರೂ ಆ ನಾಲ್ಕು ತೂತಿಗೇ 5 ಲೀಟರ್ ಬೇಕು. ಕ್ರ್ಯಾಂಕ್ ಮೂತಿಯಲ್ಲಿ ಕೂತ ಸಣ್ಣ ಪಂಪ್ 800 ಆರ್‌ಪಿಎಂನಲ್ಲಿ ಅಷ್ಟನ್ನು ಜೆಟ್‌ಗೆ ಸುರಿದು ಬೇರಿಂಗ್‌ಗೂ ಕೊಡಲಾರದು. ಒತ್ತಡ ಬೀಳಲೇಬೇಕು. ಗ್ಯಾಲರಿಯಿಂದ ಮೇನ್ ಬೇರಿಂಗ್, ಅಲ್ಲಿಂದ ಕ್ರ್ಯಾಂಕ್ ಒಳಗಿನ ತೂತು ದಾಟಿ ಕೊನೆಗೆ ಸಿಗೋದು ಬಿಗ್ ಎಂಡ್‌ಗೆ. ಕಾಲುವೆಯ ಕೊನೆಯ ಗದ್ದೆಯ ಹಾಗೆ, ನೀರು ಕಮ್ಮಿಯಾದರೆ ಮೊದಲು ಒಣಗೋದು ಅದೇ.

ಒತ್ತಡ ಮಿತಿ ಮೀರಿದಾಗ ಆಯಿಲ್ ವಾಪಸ್ ಬಿಡುವ ರಿಲೀಫ್ ವಾಲ್ವ್ ಸ್ಪ್ರಿಂಗ್ ಕೆಳಗೆ ವಾಷರ್ ಕೊಟ್ಟರೆ ಸರಿಹೋಗುತ್ತೆ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಬಿಸಿ ಎಂಜಿನ್ ಐಡ್ಲಿಂಗ್‌ನಲ್ಲಿ ರಿಲೀಫ್ ವಾಲ್ವ್ ಹೇಗೂ ಮುಚ್ಚೇ ಇರುತ್ತದೆ. ವಾಷರ್ ಏರಿಸೋದು ಮೇಲಿನ ಒತ್ತಡವನ್ನು, ಕೆಳಗಿನದಕ್ಕೆ ಒಂದಿಷ್ಟೂ ಉಪಯೋಗವಿಲ್ಲ. ದಪ್ಪ ಆಯಿಲ್ ಗೇಜ್‌ಗೆ ಸಮಾಧಾನ ಹೇಳುತ್ತದೆ, ಬೇರಿಂಗ್‌ಗೆ ಅಲ್ಲ.

ಇನ್ನು ನಿಮ್ಮ ಪ್ರಶ್ನೆಯ ಬುಡಕ್ಕೇ ಬರ್ತೀನಿ. ಪಿಸ್ಟನ್ ತಲೆ ತೂತಾದದ್ದಕ್ಕೆ ಜೆಟ್ ಔಷಧಿ ಅಂತ ನೀವು ಅಂದುಕೊಂಡಿದ್ದೀರಿ. ಅಲ್ಲ. ನಡುವೆ ಕರಗಿ ತೂತಾಗಿದ್ದರೆ ಅದು ಪ್ರೀ-ಇಗ್ನಿಷನ್, ಅಂದರೆ ಕಿಡಿಗೂ ಮುಂಚೆಯೇ ಹೊತ್ತಿಕೊಳ್ಳೋದು: ಸ್ಪಾರ್ಕ್ ಪ್ಲಗ್ ಬಿಸಿ ಜಾತಿಯದು, ಅಥವಾ ಛೇಂಬರಿನಲ್ಲಿ ಕಾರ್ಬನ್ ಕೆಂಪಗೆ ಕಾದು ಕೂತಿದೆ. ತಲೆಯ ಅಂಚು ಮರಳು ಹೊಡೆದ ಹಾಗೆ ಗುಳಿಗುಳಿ ಆಗಿ ರಿಂಗ್ ಲ್ಯಾಂಡ್ (ರಿಂಗ್‌ಗಳ ನಡುವಿನ ಪಟ್ಟಿ) ಮುರಿದಿದ್ದರೆ ನಾಕಿಂಗ್, ಅಂದರೆ ಕಿಡಿಯ ನಂತರ ಉಳಿದ ಮಿಶ್ರಣ ತಾನೇ ಸಿಡಿಯೋದು. ಎರಡಕ್ಕೂ ಕೆಳಗಿನಿಂದ ಆಯಿಲ್ ಎರಚಿ ಪ್ರಯೋಜನವಿಲ್ಲ, ಸಾಯೋದನ್ನು ಒಂದೆರಡು ವಾರ ಮುಂದೂಡಬಹುದು ಅಷ್ಟೆ. ಸ್ಕರ್ಟ್ ಮೇಲೆ ಪಿನ್ನಿನ ಅಕ್ಕಪಕ್ಕ ನಾಲ್ಕು ಕಡೆ ಉದ್ದುದ್ದ ಗೀರು, ತಲೆಯ ಅಡಿಯಲ್ಲಿ ಆಯಿಲ್ ಸುಟ್ಟು ಹತ್ತಿದ ಕರಿ ಪದರ, ಮೇಲಿನ ರಿಂಗ್ ಗ್ರೂವಿನಲ್ಲೇ ಅಂಟಿಕೊಂಡಿರೋದು, ಇವು ಕಂಡರೆ ಮಾತ್ರ ಶಾಖದ ತೊಂದರೆ. ಅಲ್ಲಿ ಜೆಟ್ ನಿಜಕ್ಕೂ ಕೆಲಸ ಮಾಡುತ್ತದೆ. ಅಲ್ಯೂಮಿನಿಯಂ 250 ಡಿಗ್ರಿ ದಾಟಿದ ಮೇಲೆ ಬೇಗ ಮೆತ್ತಗಾಗುತ್ತದೆ, ಹಾಗಾಗಿ ತಲೆಯಿಂದ 20-30 ಡಿಗ್ರಿ ಇಳಿಸಿದರೂ ದೊಡ್ಡ ವಿಷಯ.

ಆದ್ದರಿಂದ ಮೊದಲು ಟ್ಯೂನ್. ಪ್ಲಗ್ ಒಂದು ಹಂತ ತಣ್ಣನೆಯದು ಹಾಕಿ. 74 ಮಿ.ಮೀ. ಬೋರ್‌ಗೆ ಮೇಲಿನ ರಿಂಗ್ ಗ್ಯಾಪ್ 0.35ರಿಂದ 0.40 ಮಿ.ಮೀ. ಇರಲಿ, ಕಂಪನಿ ಗ್ಯಾಪ್‌ನಲ್ಲಿ ಬೂಸ್ಟ್ ಕೊಟ್ಟರೆ ರಿಂಗ್ ತುದಿಗಳು ಕೂಡಿಕೊಂಡು ಲ್ಯಾಂಡ್ ಎಬ್ಬಿಸುತ್ತವೆ. ಈಗ ಬಂಕ್‌ನಲ್ಲಿ ಸಿಗೋದು ಇ20, ಅಂದರೆ 20% ಎಥನಾಲ್ ಬೆರೆಸಿದ ಪೆಟ್ರೋಲ್. ನಾಕಿಂಗ್ ತಡೆಯೋದರಲ್ಲಿ ಅದು ಒಳ್ಳೆಯದೇ, ಆದರೆ ಶುದ್ಧ ಪೆಟ್ರೋಲ್‌ಗೆ ಹೋಲಿಸಿದರೆ ಸುಮಾರು 8% ಹೆಚ್ಚು ಇಂಧನ ಬೇಡುತ್ತದೆ. ಎಷ್ಟು ಇಂಧನ ಬಿಡಬೇಕು ಅಂತ ಹೇಳುವ ನಿಮ್ಮ ಮ್ಯಾಪ್ ಹಳೆ ಪೆಟ್ರೋಲ್ ಕಾಲದ್ದಾದರೆ ಪೂರ್ತಿ ಬೂಸ್ಟ್‌ನಲ್ಲಿ ಎಂಜಿನ್ ಲೀನ್ (ಇಂಧನ ಕಮ್ಮಿಯಾಗಿ) ಓಡುತ್ತಿದೆ, ಮೂರನೇ ಪಿಸ್ಟನ್ ಹೋಗಲು ಅಷ್ಟೇ ಸಾಕು. ನಾಲ್ಕೂ ಇಂಜೆಕ್ಟರ್ ಫ್ಲೋ ಟೆಸ್ಟ್ ಮಾಡಿಸಿ.

ಇಷ್ಟಾದ ಮೇಲೂ ಎಕ್ಸ್‌ಪ್ರೆಸ್‌ವೇಯಲ್ಲೋ ಬೆಟ್ಟದ ರಸ್ತೆಯಲ್ಲೋ ಬಹಳ ಹೊತ್ತು ಬೂಸ್ಟ್‌ನಲ್ಲೇ ಇರುತ್ತೀರಿ ಅಂದರೆ ಜೆಟ್ ಹಾಕಿಸಿ, ಆದರೆ 1.5 ಬೇಡ, 1.2 ಮಿ.ಮೀ. ಸಾಕು. ನಾಲ್ಕಕ್ಕೂ ಸೇರಿ 4 ಬಾರ್‌ನಲ್ಲಿ ಆರೂವರೆ ಲೀಟರ್ ಒಳಗೇ ನಿಲ್ಲುತ್ತದೆ. ತೂತಿನ ನೇರ ಭಾಗ ವ್ಯಾಸದ ನಾಲ್ಕೈದು ಪಟ್ಟು ಉದ್ದ ಇರಲಿ, ತುದಿಯಲ್ಲಿ ಬರ್ (ಕೊರೆದಾಗ ಉಳಿಯುವ ಚೂಪು ಅಂಚು) ಇರಬಾರದು. ಇಲ್ಲದಿದ್ದರೆ ಧಾರೆ ಒಡೆದು ತುಂತುರಾಗುತ್ತದೆ, ತಲೆ ಮುಟ್ಟೋದೇ ಇಲ್ಲ.

ಪ್ರತಿ ಜೆಟ್‌ಗೂ ಚೆಕ್ ವಾಲ್ವ್ ಇರಲೇಬೇಕು, ಅದು 2 ಬಾರ್‌ಗೆ ತೆರೆಯಬೇಕು. ಡೀಸೆಲ್ ಎಂಜಿನ್‌ಗಳ ಜೆಟ್‌ನಲ್ಲಿ ಎಷ್ಟೋ ಕಡೆ ವಾಲ್ವ್ ಟೊಳ್ಳು ಬೋಲ್ಟಿನ ಒಳಗೇ ಇರುತ್ತದೆ, ಆ ಬೋಲ್ಟ್ ತಂದು ಪೈಪ್ ಮಾತ್ರ ಹೊಸದು ಬಗ್ಗಿಸಿಕೊಳ್ಳೋದು ಸುಲಭ. ಲೇತಿನಲ್ಲೇ ಮಾಡಿಸಿದರೆ ಲೆಕ್ಕ ಹೀಗೆ: ಬಾಲ್ ಕೂರುವ ಸೀಟ್ 4 ಮಿ.ಮೀ. ಇದ್ದರೆ 2 ಬಾರ್‌ಗೆ ಸ್ಪ್ರಿಂಗ್ ಸುಮಾರು 250 ಗ್ರಾಂ ಒತ್ತಬೇಕು. ಸಣ್ಣ ಡಿಜಿಟಲ್ ತಕ್ಕಡಿ ಮೇಲೆ ಸ್ಪ್ರಿಂಗ್ ನಿಲ್ಲಿಸಿ, ಜೋಡಿಸಿದಾಗ ಎಷ್ಟು ಉದ್ದ ಉಳಿಯುತ್ತದೋ ಅಷ್ಟಕ್ಕೆ ಅದುಮಿ ತೂಕ ನೋಡಿ. ನಾಲ್ಕೂ ಒಂದೇ ತೂಕ ಬರಬೇಕು.

ನಿಮ್ಮ ಬ್ಲಾಕ್ ಅಲ್ಯೂಮಿನಿಯಂ. ಟೊಳ್ಳು ಬೋಲ್ಟನ್ನು ಸಾದಾ ಎಂ8 ಬೋಲ್ಟಿನ ಹಾಗೆ ಬಿಗಿದರೆ ಒಂದೋ ಬೋಲ್ಟ್ ಮುರಿಯುತ್ತದೆ, ಇಲ್ಲ ಬ್ಲಾಕಿನ ಥ್ರೆಡ್ ಕಿತ್ತು ಬರುತ್ತದೆ. ಡ್ರಿಲ್ ಮಾಡೋದು ಗ್ಯಾಲರಿಗೆ, ಮೇನ್ ಬೇರಿಂಗ್ ಸೀಟಿಗೆ ಬೇಡವೇ ಬೇಡ. ಆಮೇಲೆ ಗ್ಯಾಲರಿಯ ಎರಡೂ ತುದಿಯ ಪ್ಲಗ್ ತೆಗೆದು ಬ್ರಷ್ ಹಾಕಿ, ಸೋಪಿನ ಬಿಸಿನೀರಲ್ಲಿ ತೊಳೆದು ಗಾಳಿ ಹೊಡೆಸಿ. ಒಳಗುಳಿದ ಒಂದು ಚೂರು ಸಾಕು, ವಾಲ್ವ್ ಅರ್ಧ ತೆರೆದು ನಿಲ್ಲಲು.

ಬ್ಲಾಕ್ ತಲೆಕೆಳಗಾಗಿ ಸ್ಟ್ಯಾಂಡ್ ಮೇಲಿರುವಾಗಲೇ ನಾಜಲ್‌ಗೆ ನೇರವಾದ ತಂತಿ ತೂರಿಸಿ ಗುರಿ ನೋಡಿ: ಪಿನ್ ಬಾಸ್ (ಪಿಸ್ಟನ್ ಪಿನ್ ಕೂರುವ ದಪ್ಪ ಭಾಗ) ತಪ್ಪಿಸಿ ಪಿಸ್ಟನ್ ತಲೆಯ ಎಕ್ಸಾಸ್ಟ್ ಕಡೆಯ ಅಡಿಗೆ. ತಂತಿ ತೆಗೆದು ಕ್ರ್ಯಾಂಕನ್ನು ಕೈಯಲ್ಲಿ ಎರಡು ಸುತ್ತು ತಿರುಗಿಸಿ. ಸ್ಕರ್ಟ್, ರಾಡ್, ಕೌಂಟರ್‌ವೇಟ್ ಯಾವುದಕ್ಕೂ 2 ಮಿ.ಮೀ.ಗಿಂತ ಹತ್ತಿರ ಬರಬಾರದು. ಪಿಸ್ಟನ್ ಪೂರ್ತಿ ಕೆಳಗೆ ಬಂದಾಗ ಸ್ಕರ್ಟ್ ಬೋರ್ ದಾಟಿ ಹೊರಗೆ ಇಣುಕುತ್ತದೆ, ಹೆಚ್ಚಾಗಿ ತಾಗೋದು ಅಲ್ಲೇ.

ಪಿಸ್ಟನ್‌ನಿಂದ ತೆಗೆದ ಶಾಖ ಆಯಿಲ್‌ಗೆ ಬರುತ್ತದೆ, ಥರ್ಮೋಸ್ಟಾಟ್ ಇರುವ ಆಯಿಲ್ ಕೂಲರ್ ಇಲ್ಲದೆ ಈ ಕೆಲಸಕ್ಕೆ ಕೈಹಾಕಬೇಡಿ. ಆಯಿಲ್ 90 ಡಿಗ್ರಿ ಮುಟ್ಟಿದಾಗ ಐಡ್ಲಿಂಗ್ ಒತ್ತಡ ಎಷ್ಟು ಅಂತ ಜೆಟ್ ಹಾಕೋ ಮುಂಚೆಯೇ ಬರೆದಿಟ್ಟುಕೊಳ್ಳಿ. ಹಾಕಿದ ಮೇಲೆ ಅದೇ ಆಯಿಲ್, ಅದೇ ಬಿಸಿಯಲ್ಲಿ 0.2 ಬಾರ್‌ಗಿಂತ ಹೆಚ್ಚು ಇಳಿದಿದ್ದರೆ ಯಾವುದೋ ವಾಲ್ವ್ ಮುಚ್ಚುತ್ತಿಲ್ಲ. ಗಾಡಿ ರಸ್ತೆಗೆ ಇಳಿಸದೆ ಆಯಿಲ್ ಸಂಪ್ ಬಿಚ್ಚಿ.